ಕೊಟ್ಟ ಉಪ್ಪು

ನಮ್ಮೂರಿನಲ್ಲಿ ಯಾರನ್ನಾದರೂ ಹೊಡೆಯಬೇಕೆಂದರೆ ಒಂದು ತಿಂಗಳು ಮೊದಲೇ ತೀರ್ಮಾನ ಮಾಡಬೇಕಿತ್ತು. ಒಂದು ಮನೆಯ ಉಪ್ಪು ತಿಂದವನ ಕೈ, ತಿಂದ ದಿನದಿಂದ ಮೂವತ್ತು ದಿನ, ಆ ಮನೆಯವರ ಮೇಲೆ ಏಳುತ್ತಿರಲಿಲ್ಲ. ನೋವಿಲ್ಲ, ನಡುಕವಿಲ್ಲ. ಎತ್ತಲು ಹೋದರೆ ಹೆಗಲಿನಿಂದ ಕೆಳಗೆ ಒದ್ದೆ ಬಟ್ಟೆಯ ಹಾಗೆ ಜೋತುಬೀಳುತ್ತಿತ್ತು. ಆಟಕ್ಕೆಂದು ಎತ್ತಿದರೂ ಅಷ್ಟೇ. ಹಾಗಾಗಿ ದಾಯಾದಿಗಳು ಹೊಲದ ಬದುವಿಗಾಗಿ ಬಡಿದಾಡಬೇಕೆಂದರೆ ಮೊದಲು ಒಬ್ಬರ ಮನೆಯ ಊಟಕ್ಕೆ ಇನ್ನೊಬ್ಬರು ಹೋಗುವುದನ್ನು ಬಿಡುತ್ತಿದ್ದರು. ಗಂಡನಾದವನು ಸಿಟ್ಟು ಮಾಡಿಕೊಂಡು ಮಠದಲ್ಲಿ ಉಣ್ಣತೊಡಗಿದರೆ ಹದಿನೈದನೆಯ ದಿನಕ್ಕೆ ಹೆಂಡತಿಯ ತವರಿನವರು ಗಾಡಿ ಕಟ್ಟಿಕೊಂಡು ಬರುತ್ತಿದ್ದರು. ತುಂಟ ಮಕ್ಕಳಿಗೆ ಎರಡು ಬಾರಿಸಲು ತಾಯಂದಿರು ಪಕ್ಕದ ಮನೆಯವರನ್ನು ಕರೆಯುತ್ತಿದ್ದರು. ಬಾಯಿಗೆ ಮಾತ್ರ ಈ ಕಟ್ಟಳೆ ಇರಲಿಲ್ಲ. ಅದಕ್ಕೇ ನಮ್ಮೂರಿನವರ ಬಾಯಿ ಜೋರು. ನನ್ನದೂ ಏನು ಕಡಿಮೆಯಲ್ಲ.

ಯಾರ ಉಪ್ಪು ಯಾರದು ಎಂಬುದರಲ್ಲಿ ಯಾರಿಗೂ ಅನುಮಾನವಿರಲಿಲ್ಲ. ಕೊಂಡು ತಂದ ಉಪ್ಪಿಗೆ ಅಂಗಡಿಯವನ ಹಂಗಿಲ್ಲ, ಅದು ಕೊಂಡವನ ಮನೆಯದಾಗುತ್ತದೆ. ಪುಕ್ಕಟೆ ಕೊಟ್ಟ ಉಪ್ಪು ಮಾತ್ರ ಯಾರ ಗಡಿಗೆಯಲ್ಲಿ ಎಷ್ಟು ದಿನ ಕೂತರೂ ಕೊಟ್ಟವನದಾಗಿಯೇ ಉಳಿಯುತ್ತದೆ. ನಮ್ಮದು ಉಪ್ಪು ತೆಗೆಯುವ ಮನೆತನ. ಊರ ಮೂಡಣಕ್ಕೆ ಸವುಳು ನೆಲವಿತ್ತು. ಆ ಮಣ್ಣನ್ನು ಕೆರೆದು ತಂದು, ನೀರಿನಲ್ಲಿ ಕದಡಿ, ಸೋಸಿ, ಮಡಿಗಳಲ್ಲಿ ಬಿಸಿಲಿಗೆ ಬಿಟ್ಟರೆ ಐದಾರು ದಿನಕ್ಕೆ ಉಪ್ಪು ಕೂರುತ್ತಿತ್ತು, ಬೆಳ್ಳಗಲ್ಲ, ಒಂದಿಷ್ಟು ಕೆಂಪಗೆ. ಅಪ್ಪ ದುರುಗಪ್ಪ ಜೀವಮಾನದಲ್ಲಿ ಯಾರಿಗೂ ಒಂದು ಚಿಟಿಕೆ ಪುಕ್ಕಟೆ ಕೊಟ್ಟವನಲ್ಲ. ಜಿಪುಣನೆಂದು ಜನ ಆಡಿಕೊಂಡರೆ, "ಕೊಟ್ಟೆ ಅಂದ್ರ ಊರ ಮಂದಿ ಕೈಯೆಲ್ಲ ನನ್ನ ಹಂಗಿನ್ಯಾಗ ಬೀಳ್ತಾವ. ಅಷ್ಟು ಕೈ ಇಟ್ಕೊಂಡು ನಾ ಏನ್ ಮಾಡ್ಲಿ?" ಎನ್ನುತ್ತಿದ್ದ.

ಟೋಪಿಯವರ ದಂಡು ಬಂದಾಗ ನನಗೆ ಹತ್ತೊಂಬತ್ತು. ತಾಯಿ ತೀರಿಹೋಗಿ ಎರಡು ವರ್ಷವಾಗಿತ್ತು. ಟೋಪಿಯವರು ಸಮುದ್ರದ ಆಚೆಯವರಂತೆ, ಈಗ ಸಮುದ್ರದ ಈಚೆಯದೆಲ್ಲ ತಮ್ಮದೆನ್ನುತ್ತಾರಂತೆ ಎಂದಷ್ಟೇ ಕೇಳಿದ್ದೆವು. ಕತ್ತಿ ಬಂದೂಕು ಒಪ್ಪಿಸಿ ಕಪ್ಪ ಕೊಡಿರೆಂದು ಅವರು ಹೇಳಿಕಳಿಸಿದಾಗ ನಮ್ಮ ದೇಸಾಯರು ಒಲ್ಲೆನೆಂದು ಇನ್ನೂರು ಜನರೊಂದಿಗೆ ಗುಡ್ಡದ ಕೋಟೆ ಸೇರಿಕೊಂಡರು. ದಂಡು ಊರಿನಲ್ಲಿ ಬೀಡುಬಿಟ್ಟಿತು. ಮೂರನೆಯ ದಿನವೇ ಡಂಗುರ ಹೊಡೆಸಿ ನಮ್ಮ ಮಡಿಗಳನ್ನು ಕಿತ್ತುಕೊಂಡರು. ಇನ್ನು ಉಪ್ಪು ತೆಗೆಯುವುದೂ ಮಾರುವುದೂ ಸರ್ಕಾರದ ಕೆಲಸವಂತೆ. ಅಪ್ಪ ಮಡಿಯ ಅಂಚಿನಲ್ಲಿ ಕುಳಿತು ತನ್ನ ಗುದ್ದಲಿಯನ್ನು ನೋಡುತ್ತಿದ್ದ. ನನ್ನ ಅಣ್ಣ ಹುಲಗಪ್ಪ ನೋಡುತ್ತ ಕೂರುವವನಲ್ಲ. ಅಂದೇ ಸಂಜೆ ಬುತ್ತಿ ಕಟ್ಟಿಸಿಕೊಂಡು ಗುಡ್ಡ ಹತ್ತಿದ.

ದಂಡಿನ ಸಾಹೇಬನ ಬಳಿ ನಮ್ಮ ಮಾತು ಬಲ್ಲ ಒಬ್ಬ ಕಾರಕೂನನಿದ್ದ, ನಮ್ಮ ಸೀಮೆಯವನೇ. ಮೊದಲ ತಿಂಗಳಲ್ಲೇ ಒಬ್ಬ ಸಿಪಾಯಿ ಯಾರದೋ ಮದುವೆಯಲ್ಲಿ ಉಂಡು ಬಂದು, ಮರುದಿನ ಆ ಮನೆಯ ಮುದುಕನಿಗೆ ಚಾಟಿ ಬೀಸಲಾರದೆ ಕೈ ಜೋತಾಡಿಸಿಕೊಂಡು ನಿಂತಾಗ, ಇದೇನೆಂದು ಸಾಹೇಬನಿಗೆ ಬಿಡಿಸಿ ಹೇಳಿದವನು ಅವನೇ. ಸಾಹೇಬ ನಗಲಿಲ್ಲ. ಕಾಗದದಲ್ಲಿ ಬರೆದುಕೊಂಡು ಎರಡು ಅಪ್ಪಣೆ ಹೊರಡಿಸಿದ. ಊರಿನಲ್ಲಿ ಉಂಡ ಸಿಪಾಯಿಗೆ ಹನ್ನೆರಡು ಚಾಟಿಯೇಟು, ಉಪ್ಪು ಇಳಿಯುವ ತನಕ ಒಂದು ತಿಂಗಳು ಕೋಣೆಯಲ್ಲಿ ಕೂಡಿಹಾಕುವುದು. ಉಣ್ಣಿಸಿದ ಮನೆಯವರಿಗೆ ನೇಣು. ಇದು ಮೊದಲನೆಯದು. ಎರಡನೆಯದು ಇನ್ನೂ ನಯವಾಗಿತ್ತು. ಊರಿಗೆ ಉಪ್ಪು ಮಾರುವುದನ್ನು ನಿಲ್ಲಿಸಿ, ಹೊರಗಿನ ಗಾಡಿಗಳನ್ನು ಊರ ಅಗಸೆ ಬಾಗಿಲಲ್ಲೇ ತಡೆದು, ಪ್ರತಿ ಸೋಮವಾರ ಮನೆಗೊಂದು ಸೇರು ಬಿಳಿ ಉಪ್ಪು ಪುಕ್ಕಟೆ ಕೊಡುತ್ತೇವೆ, ಬಂದು ಒಯ್ಯಿರಿ ಎಂದು ಸಾರಿಸಿದ.

ಯಾರೂ ಹೋಗಕೂಡದೆಂದು ಊರ ಹಿರಿಯರು ಕಟ್ಟುಮಾಡಿದರು. ಮನೆಯಲ್ಲಿದ್ದದ್ದು ಮುಗಿದ ಮೇಲೆ ಊರಿಗೆ ಊರೇ ಸಪ್ಪೆ ಉಣ್ಣತೊಡಗಿತು. ಮೊದಲ ವಾರ ಅದೊಂದು ವ್ರತದ ಹಾಗಿತ್ತು, ಹೆಂಗಸರು ಹಾಡು ಹೇಳಿಕೊಂಡು ಸಪ್ಪೆ ಸಾರು ಬಡಿಸಿದರು. ಎರಡನೆಯ ತಿಂಗಳಿಗೆ ಹಾಡು ನಿಂತಿತು. ಮಕ್ಕಳು ಮಣ್ಣಿನ ಗೋಡೆ ನೆಕ್ಕಿದವು. ಮುದುಕರು ಎದ್ದು ನಿಂತರೆ ತಲೆತಿರುಗಿ ಬೀಳುತ್ತಿದ್ದರು. ಕದ್ದು ಹೋಗಿ ಸೇರು ಉಪ್ಪು ತಂದವರೂ ಇದ್ದರು, ಆದರೆ ಅಂಥವರು ಬಹಳ ದಿನ ಮರೆಯಾಗಿ ಉಳಿಯುತ್ತಿರಲಿಲ್ಲ. ಯಾರೋ ಬೇಕೆಂದೇ ಅವರ ಕೈಗೆ ಕಲ್ಲು ಕೊಟ್ಟು ದಂಡಿನ ಡೇರೆಯತ್ತ ಎಸೆಯೆನ್ನುತ್ತಿದ್ದರು. ಕಲ್ಲು ಕೈಯಲ್ಲೇ ಉಳಿದವರ ಮನೆಗೆ ಆಮೇಲೆ ಯಾರೂ ಬೆಂಕಿ ಕೇಳಲು ಹೋಗುತ್ತಿರಲಿಲ್ಲ.

ನಮ್ಮ ಮನೆಯಲ್ಲಿ ನಮ್ಮದೇ ಮಡಿಯ ಕಡೆಯ ಒಂದು ಗಡಿಗೆ ಉಪ್ಪು ಉಳಿದಿತ್ತು. ಅಪ್ಪ ಅದರ ಬಾಯಿಗೆ ಬಟ್ಟೆ ಕಟ್ಟಿ ಅಟ್ಟದ ಮೇಲಿಟ್ಟ. "ಇದನ್ನ ಮುಟ್ಟಬ್ಯಾಡ ಲಗಮಿ. ಹುಲಗಪ್ಪ ಗುಡ್ಡ ಇಳಿದು ಬಂದ ದಿನ ಇಳಸೂನು," ಎಂದ. ನಾನು ಮುಟ್ಟಲಿಲ್ಲ. ಇಬ್ಬರೂ ಸಪ್ಪೆ ನುಚ್ಚು ಉಂಡು ಅಟ್ಟವನ್ನು ನೋಡುತ್ತ ಮಲಗುತ್ತಿದ್ದೆವು.

ಅಪ್ಪನಿಗೆ ಸವುಳು ಮಣ್ಣಿನ ವಾಸನೆ ಇಲ್ಲದೆ ನಿದ್ದೆ ಬಾರದು. ಅದಕ್ಕೆಂದು ಒಂದು ಮುಂಜಾನೆ ಮಡಿಗಳ ಕಡೆ ಹೋಗಿ ಸೆರಗಿನಲ್ಲಿ ಮಣ್ಣು ತುಂಬಿಕೊಳ್ಳುತ್ತಿದ್ದೆ. ಬೆನ್ನ ಹಿಂದೆ ಬೂಟಿನ ಸದ್ದಾಯಿತು. ಪಹರೆಯ ಸಿಪಾಯಿ, ಕೆಂಪು ಅಂಗಿ, ಬಿಸಿಲಿಗೆ ಸಿಪ್ಪೆ ಎದ್ದ ಮೂಗು.

"ಉಡ್ಯಾಗ ಏನದು?"

"ಮಣ್ಣು. ನಿಮ್ಮ ಸಾಹೇಬ ಉಪ್ಪು ಅಷ್ಟ ತನ್ನದು ಅಂದಾನ. ಮಣ್ಣಿನ ಮಾತು ಡಂಗುರದಾಗ ಬರಲಿಲ್ಲ."

ಅವನು ಬಂದೂಕು ಹೆಗಲಿಗೇರಿಸಿ ಗುಡ್ಡದ ಕಡೆ ಮುಖ ತಿರುಗಿಸಿ ನಿಂತ. "ಲಗೂನ ತುಂಬಿಕೋ. ನಾ ಆ ಕಡಿ ನೋಡಾಕತ್ತೀನಿ."

"ನಮ್ಮೂರ ಗಂಡಸರು ಹಿಂಗ ತಿರುಗಿ ನಿಂತ್ರ ನಾಚಿಕಿ ಬಂದದ ಅಂತೀವಿ ನಾವು," ಎಂದೆ.

"ನನಗೂ ಅದ ಬಂದದ," ಎಂದ ಅವನು, ತಿರುಗದೆ.

ಅವನ ಹೆಸರು ಸಿದ್ರಾಯ. ಮೂರು ದಿನದ ದಾರಿಯ ಒಂದು ಬರಡು ಹಳ್ಳಿಯವನು. ಐವರು ಅಣ್ಣತಮ್ಮಂದಿರಿಗೆ ಒಂದೇ ತುಂಡು ಹೊಲವಿತ್ತಂತೆ. ದಂಡಿನಲ್ಲಿ ಎರಡು ಹೊತ್ತು ಅನ್ನ ಹಾಕುತ್ತಾರೆಂದು ಸೇರಿ ಮೂರು ವರ್ಷವಾಗಿತ್ತು. ಆ ಮಣ್ಣು ಅಪ್ಪನಿಗೆ ಎಂದೂ ಸಾಲಲಿಲ್ಲ. ಸಾಕಾಗದಂತೆ ನಾನೂ ಸ್ವಲ್ಪಸ್ವಲ್ಪವೇ ತರುತ್ತಿದ್ದೆ.

ನಮ್ಮೂರಿನಲ್ಲಿ ಪ್ರೀತಿಯಾದರೆ ಉಣ್ಣಲು ಕರೆಯುತ್ತಾರೆ. ನನಗೆ ಆ ದಾರಿ ಮುಚ್ಚಿತ್ತು. ಉಪ್ಪಿಲ್ಲದ್ದು ಏನೇನಿದೆಯೋ ಅದನ್ನೇ ಅವನಿಗೆ ಒಯ್ದೆ. ಬೆಲ್ಲದ ಹೆಂಟೆ, ಕಾಸಿದ ಹಾಲು, ಬಾರೆಹಣ್ಣು, ಮನೆಯಲ್ಲಿ ಗೋಧಿ ಇದ್ದ ದಿನ ಬೆಲ್ಲ ಬೆರೆಸಿದ ಮಾದಲಿ. ನನ್ನ ಗೆಳತಿ ಕಾಳವ್ವ, "ನಿಮ್ಮ ಪ್ರೀತಿಗಿ ಇರುವಿ ಮುತ್ತತಾವ ನೋಡು," ಎಂದು ಕಾಡುತ್ತಿದ್ದಳು. ಸಿದ್ರಾಯ ಬೆಲ್ಲವನ್ನು ದವಡೆಯಲ್ಲಿಟ್ಟುಕೊಂಡು ಕರಗುವ ತನಕ ಮಾತಾಡುತ್ತಿರಲಿಲ್ಲ. ಕರಗಿದ ಮೇಲೆ, "ದಂಡು ಬಿಟ್ಟ ದಿನ ನಿಮ್ಮ ಮನಿಗೆ ಬಂದು ಉಪ್ಪು ಹಾಕಿದ್ದು ಉಣ್ತೀನಿ. ಆಮ್ಯಾಲ ಎದ್ದು ಹೋಗೂದಿಲ್ಲ," ಎನ್ನುತ್ತಿದ್ದ. ಅದೇ ಅವನು ಕೇಳಿದ ಹೆಣ್ಣು, ನಾನು ಒಪ್ಪಿದ ಮದುವೆ.

ಒಮ್ಮೆ ನಾನು ಕೇಳಿಯೂ ಬಿಟ್ಟೆ. "ನೀನೂ ಗುಡ್ಡ ಹತ್ತಬಾರದ? ನಮ್ಮಣ್ಣನ ಸಂಗಡ ಇರಬಾರದ?"

"ಹತ್ತಿ ಏನ್ ಮಾಡ್ಲಿ? ಮೂರು ವರ್ಷ ಅವರ ಉಪ್ಪು ತಿಂದ ಕೈ ಇದು. ಹೋದ ತಿಂಗಳು ಸಾಹೇಬ ಒಬ್ಬ ಮುದುಕಿನ್ನ ಒದ್ದಾಗ ಎತ್ತಿ ನೋಡಿದೆ, ಏಳಲಿಲ್ಲ. ನಿಮ್ಮವರ ಮ್ಯಾಲ ಏಳತದ, ಅವರ ಮ್ಯಾಲ ಏಳೂದಿಲ್ಲ. ಇಂಥ ಕೈ ತಗೊಂಡು ನಾ ಎಲ್ಲಿಗೆ ಹೋಗಲಿ?" ಎಂದು ಅಂಗೈ ಬಿಚ್ಚಿ ತೋರಿಸಿದ. ನಾನು ಅದನ್ನು ಹಿಡಿದುಕೊಂಡು ಕುಳಿತೆ. ಆ ದಿನ ಇಬ್ಬರಿಗೂ ಬೆಲ್ಲ ಸೇರಲಿಲ್ಲ.

ಕಾರಹುಣ್ಣಿಮೆಯ ಹಿಂದಿನ ವಾರ ಹುಲಗಪ್ಪ ಕಂಬಾರನ ಬಳಿ ಬಂದೂಕಿನ ಗುಂಡು ಹಾರಿಸುವ ಕುದುರೆ ಸರಿಮಾಡಿಸಲು ಊರಿಗೆ ಇಳಿದು ಸಿಕ್ಕಿಬಿದ್ದ. ನಾಳೆ ಬೆಳಗ್ಗೆ ಬಯಲಿನಲ್ಲಿ ಆರು ಸಿಪಾಯಿಗಳು ಅವನಿಗೆ ಗುಂಡು ಹೊಡೆಯುತ್ತಾರೆಂದು ಡಂಗುರವಾಯಿತು. ಆರು ಹೆಸರುಗಳನ್ನು ಆರಿಸಿದವನು ಕಾರಕೂನ. ಅವನಿಗೆ ಬೆಲ್ಲದ ವಿಷಯ ಗೊತ್ತಿತ್ತು. ಆರನೆಯ ಹೆಸರು ಸಿದ್ರಾಯನದು.

ಅಪ್ಪ ಮಗನನ್ನು ಒಮ್ಮೆ ನೋಡಲು ಬಿಡಿರೆಂದು ಬೇಡಿಕೊಳ್ಳಲು ಚಾವಡಿಗೆ ಹೋದ. ನಾನು ಒಲೆಯ ಮುಂದೆ ಕುಳಿತೆ. ಅಣ್ಣ ಉಳಿದಾನೆಂಬ ಆಸೆ ನನಗಿರಲಿಲ್ಲ. ಉಳಿದ ಐದು ಬಂದೂಕುಗಳನ್ನು ನಾನು ತಡೆಯಬಲ್ಲೆನೇ? ಆದರೆ ಆರನೆಯದು ಸಿದ್ರಾಯನದಾದರೆ ನಾನು ಅವನ ಮುಖ ನೋಡಲಾರೆ, ನೋಡದೆ ಬದುಕಲಾರೆ. ಅಷ್ಟೇ ನನ್ನ ಮುಂದಿದ್ದದ್ದು. ಉಪ್ಪು ಉಣ್ಣಿಸಿದರೆ ಅವನಿಗೆ ಹನ್ನೆರಡು ಏಟು, ಎಣ್ಣೆ ಹಚ್ಚಿದರೆ ಮಾಯುತ್ತದೆ. ನನಗೆ ನೇಣು, ಅದನ್ನು ಆಮೇಲೆ ನೋಡಿಕೊಂಡರಾಯಿತು. ಅವನನ್ನು ಕರೆಯಲು ಕಾಳವ್ವನನ್ನು ಮಡಿಗಳ ಕಡೆ ಕಳಿಸಿ, ಅಟ್ಟ ಹತ್ತಿ ಗಡಿಗೆ ಇಳಿಸಿದೆ. ಬಟ್ಟೆ ಬಿಚ್ಚಿದರೆ ಒಳಗೆ ಕೆಂಪು ಛಾಯೆಯ ಉಪ್ಪು, ಅರ್ಧಕ್ಕಿಂತ ಹೆಚ್ಚು. ಪುಂಡಿಪಲ್ಯ ಕುದಿಸಿ ಅದರಲ್ಲಿ ಹಾಕಿದೆ. ರುಚಿ ನೋಡಲಿಲ್ಲ. ಬಡಿಸುವ ಮುಂಚೆ ನಾಲಿಗೆಗೆ ಹಚ್ಚಿದರೆ ಎಂಜಲೆಂದು, ಉಪ್ಪನ್ನು ಕಣ್ಣಂದಾಜಿನಲ್ಲೇ ಹಾಕಬೇಕೆಂದು ತಾಯಿ ಕಲಿಸಿದ್ದಳು.

ನೆತ್ತಿಯ ಮೇಲೆ ಬಿಸಿಲಿರುವಾಗ ಸಿದ್ರಾಯ ಹಿತ್ತಲ ಬಾಗಿಲಿನಿಂದ ಬಂದ. ಬೂಟು ಕಳಚಿ ಕುಳಿತ. ನಮ್ಮ ಮನೆಯೊಳಗೆ ಅವನು ಕುಳಿತದ್ದು ಅದೇ ಮೊದಲು. ನಾನು ರೊಟ್ಟಿ ಪಲ್ಯ ಮುಂದಿಟ್ಟೆ. ಮುಚ್ಚಿಡುವ ಯೋಚನೆಯಿತ್ತು, ಆದರೆ ಅವನು ತುತ್ತು ಮುರಿದದ್ದು ನೋಡಿ ತಡೆಯಲಾಗಲಿಲ್ಲ.

"ಉಪ್ಪು ಹಾಕೀನಿ. ನಮ್ಮ ಮಡೀದು, ಕಡೀ ಗಡಿಗಿ. ಒಲ್ಲೆ ಅಂದ್ರ ಎದ್ದು ಹೋಗು," ಎಂದೆ.

ಅವನು ತುತ್ತನ್ನು ಬಾಯಿಗಿಟ್ಟುಕೊಂಡ. ಅಗಿಯುತ್ತಿದ್ದ ದವಡೆ ನಿಂತಿತು. ಗಡಿಗೆಯನ್ನು ನೋಡಿದ, ನನ್ನನ್ನು ನೋಡಿದ, ಬಹಳ ಹೊತ್ತು ನೋಡಿದ. "ಇದರ ರುಚಿ ನನಗ ಗೊತ್ತೈತಿ," ಎಂದ ಮೆಲ್ಲಗೆ. ಅವರ ಹಳ್ಳಿಯಲ್ಲೂ ಮಣ್ಣುಪ್ಪೇ ಇದ್ದೀತು, ತಾಯಿಯ ಅಡುಗೆ ನೆನಪಾಗಿರಬೇಕು ಎಂದುಕೊಂಡೆ. ಅವನು ಎರಡು ರೊಟ್ಟಿ ಉಂಡು ಮೂರನೆಯದನ್ನು ಕೇಳಿ ಹಾಕಿಸಿಕೊಂಡ. ತಟ್ಟೆಗೆ ಅಂಟಿದ್ದನ್ನೂ ಬಳಿದು ತಿಂದ.

"ಸಿಟ್ಟು ಬಂದಿಲ್ಲ ಹೌದಿಲ್ಲೋ?" ಎಂದೆ. ನನ್ನ ಕಣ್ಣಿನಿಂದ ನೀರು ಇಳಿಯುತ್ತಿತ್ತು.

"ಯಾತಕ್ಕ ಸಿಟ್ಟು? ಉಣ್ಣಾಕ ಕರದಿ, ಉಂಡೆ," ಎಂದ. ಹೊಸಿಲು ದಾಟುವಾಗ ನನ್ನ ತಲೆಯ ಮೇಲೆ ಕೈ ಇಟ್ಟು, "ನಾಳೆ ಬಯಲಿಗೆ ಬರಬ್ಯಾಡ," ಎಂದ.

ಹೋದೆ. ಊರೆಲ್ಲ ಹೋಗಿತ್ತು. ಹುಲಗಪ್ಪನನ್ನು ಬೇವಿನ ಮರಕ್ಕೆ ಕಟ್ಟಿದ್ದರು. ಅಪ್ಪ ಎಲ್ಲರಿಗಿಂತ ಮುಂದೆ ಕೋಲು ಊರಿಕೊಂಡು ನಿಂತಿದ್ದ. ಆರು ಜನ ಸಾಲಾಗಿ ನಿಂತರು. ಸಾಹೇಬ ಕೂಗಿದ. ಐದು ಬಂದೂಕು ಮೇಲೆದ್ದವು. ಸಿದ್ರಾಯನದು ಏಳಲಿಲ್ಲ. ಅವನ ತೋಳು ಕೆಳಗೆ ಇಳಿಬಿದ್ದಿತ್ತು, ಬಂದೂಕಿನ ಮೂತಿ ಮಣ್ಣು ಮುಟ್ಟಿತ್ತು. ಜನರ ಬಾಯಿಂದ ಒಂದು ಉಸಿರು ಹೊರಟಿತು. ಉಪ್ಪು ತಿಂದ ಕೈಯನ್ನು ನಮ್ಮೂರಿನಲ್ಲಿ ಯಾರೂ ಗುರುತಿಸದೆ ಇರುವುದಿಲ್ಲ. ಉಳಿದವರೂ ಎಲ್ಲೆಲ್ಲಿ ಉಂಡಿದ್ದಾರೋ ಎಂದು ಸಾಹೇಬನಿಗೆ ಅನುಮಾನ ಹತ್ತಿತು. ಎಲ್ಲರೂ ಬಂದೂಕು ಇಳಿಸಲಿ, ಬೇರೆ ಆರು ಜನ ಬರಲಿ ಎಂದು ಅಬ್ಬರಿಸಿದ.

ಆ ಆರು ಜನ ಬಿಡಾರದಿಂದ ಬರುವಷ್ಟರಲ್ಲಿ ಕೆಲಸ ಕೆಟ್ಟಿತು. ಕಂಬಳಿ ಮಾರುವವರ ವೇಷದಲ್ಲಿ ಜನರ ನಡುವೆ ನಿಂತಿದ್ದ ಗುಡ್ಡದವರು ನುಗ್ಗಿದರು. ಧೂಳು, ಕೂಗು, ಎರಡು ಗುಂಡು. ಧೂಳಿನ ನಡುವೆ ನಾನು ಕಂಡದ್ದು ಅಪ್ಪನನ್ನು. ಅಣ್ಣನ ಹಗ್ಗ ಕೊಯ್ಯುತ್ತಿದ್ದವನ ಮೇಲೆ ಸಾಹೇಬ ಕತ್ತಿ ಎತ್ತಿ ಓಡುತ್ತಿದ್ದ, ಅಪ್ಪನ ಪಕ್ಕದಲ್ಲೇ ಹಾದುಹೋದ. ಅಪ್ಪನ ಕೈಯಲ್ಲಿ ಕೋಲಿತ್ತು. ಅಪ್ಪ ಹೊಡೆಯಲಿಲ್ಲ. ಕೋಲು ನೆಲಕ್ಕೆ ಬಿತ್ತು, ಅಪ್ಪ ಸುಮ್ಮನೆ ನಿಂತ. ಕತ್ತಿ ಬಿದ್ದು ಆ ಕಂಬಳಿಯವನು ಸತ್ತ, ಆದರೆ ಹಗ್ಗ ಹರಿದಿತ್ತು. ಹುಲಗಪ್ಪ ತೊಡೆಗೆ ಒಂದು ಗುಂಡು ತಿಂದು ಕುಂಟುತ್ತ ಹಳ್ಳದ ಜಾಲಿ ಪೊದೆ ಸೇರಿ ಪಾರಾದ.

ಮಧ್ಯಾಹ್ನ ಚಾವಡಿಯಲ್ಲಿ ವಿಚಾರಣೆ. ಸಿದ್ರಾಯನ ಕೈ ಹಿಂದಕ್ಕೆ ಕಟ್ಟಿದ್ದರು. ಕಾರಕೂನ ಅಂಥ ಕೆಟ್ಟವನೇನಲ್ಲ, ದಾರಿಯನ್ನು ಅವನೇ ತೋರಿಸಿದ. "ಯಾರ ಮನಿ ಉಪ್ಪು ತಿಂದಿ ಹೇಳಿಬಿಡು. ಹನ್ನೆರಡು ಏಟಿಗೆ ಮುಗೀತದ. ಉಪ್ಪಿಲ್ಲದ ಕೈ ಎತ್ತಲಿಲ್ಲ ಅಂದ್ರ ಅದು ಬಂಡಾಯ. ಅದಕ್ಕ ಗುಂಡು."

"ಯಾರ ಮನ್ಯಾಗೂ ಉಂಡಿಲ್ಲ," ಎಂದ ಸಿದ್ರಾಯ.

"ಮತ್ತ ಕೈ ಯಾಕ ಏಳಲಿಲ್ಲ?"

"ನಾ ಎತ್ತಲಿಲ್ಲ."

ನನ್ನನ್ನು ಉಳಿಸಲು ಸುಳ್ಳು ಹೇಳುತ್ತಿದ್ದಾನೆಂದು ನನಗೆ ಗೊತ್ತಿತ್ತು. ಹೆಂಗಸರ ನಡುವಿನಿಂದ ಎದ್ದು ನಿಂತೆ. ಕಾಳವ್ವ ಸೆರಗು ಹಿಡಿದು ಜಗ್ಗಿದಳು, ಬಿಡಿಸಿಕೊಂಡೆ. "ಸುಳ್ಳು ಹೇಳತಾನ. ನಿನ್ನೆ ನಮ್ಮ ಮನ್ಯಾಗ ಉಂಡಾನ. ನಾನ ಉಪ್ಪು ಹಾಕಿ ಬಡಿಸೀನಿ. ನೇಣು ನನಗ ಹಾಕ್ರಿ, ಅವಗ ಚಾಟಿ ಹೊಡದು ಬಿಡ್ರಿ," ಎಂದೆ. ಅಪ್ಪ ಕಂಬಕ್ಕೆ ಒರಗಿ ಕುಳಿತಿದ್ದ. ತಲೆ ಎತ್ತಿ ನನ್ನನ್ನು ನೋಡಿದ. ಬಾಯಿ ತೆರೆದ, ಮುಚ್ಚಿಕೊಂಡ.

ಕಾರಕೂನ ಸಾಹೇಬನ ಕಿವಿಯಲ್ಲಿ ಏನೋ ಹೇಳಿದ. ಇದನ್ನು ತೀರಿಸುವುದು ನಮ್ಮೂರಿನಲ್ಲಿ ಸುಲಭ. ಸಿದ್ರಾಯನ ಕಟ್ಟು ಬಿಚ್ಚಿ ನನ್ನೆದುರು ನಿಲ್ಲಿಸಿದರು. "ಈಕಿ ಮ್ಯಾಲ ಕೈ ಎತ್ತು," ಎಂದ ಕಾರಕೂನ. ಎರಡು ಮೊಳ ದೂರದಲ್ಲಿ ನಿಂತಿದ್ದ. ನಾನು ಅವನ ಕೈಯನ್ನೇ ನೋಡುತ್ತಿದ್ದೆ. ಏಳಲಾರದು, ಏಳಲಾರದೆಂದು ನನಗೆ ಎಷ್ಟು ಧೈರ್ಯವಿತ್ತೆಂದರೆ ನೇಣಿನ ನೆನಪೇ ಇರಲಿಲ್ಲ.

ಕೈ ಎದ್ದಿತು. ನಿಧಾನವಾಗಿ, ಯಾವ ತೊಡಕೂ ಇಲ್ಲದೆ, ನನ್ನ ತಲೆಗಿಂತ ಮೇಲೆ ಹೋಗಿ ಹೊಡೆಯುವ ಹಾಗೆ ನಿಂತಿತು. ಅವನು ನನ್ನ ಕಣ್ಣನ್ನು ನೋಡುತ್ತಿದ್ದ. ನನಗೆ ಏನೂ ಅರ್ಥವಾಗಲಿಲ್ಲ. ಆಮೇಲೆ ಸಾಹೇಬ ಕಾಗದದ ಮೇಲೆ ಏನೋ ಗೀಚಿದ. ಹುಚ್ಚು ಹಿಡಿದ ಹುಡುಗಿಯನ್ನು ಹೊರಗೆ ಕಳಿಸಿರೆಂದು ಕಾರಕೂನ ಹೇಳಿದ.

ಮರುದಿನ ಬೆಳಗ್ಗೆ ಅದೇ ಬೇವಿನ ಮರದ ಕಡೆಗೆ ಅವನನ್ನು ಕರೆದೊಯ್ಯುವಾಗ ದಾರಿಗೆ ಅಡ್ಡ ನಿಂತೆ. ಕೈಯಲ್ಲಿ ಬೆಲ್ಲದ ಹೆಂಟೆಯಿತ್ತು. ಪಹರೆಯವನು ಅದನ್ನು ನೆಕ್ಕಿ ನೋಡಿ, ಉಪ್ಪಿಲ್ಲವೆಂದು ಬಿಟ್ಟ. ನಾನೇ ಸಿದ್ರಾಯನ ಬಾಯಿಗಿಟ್ಟೆ. ಅವನು ದವಡೆಗೆ ಸರಿಸಿಕೊಂಡ. ಕರಗುವ ತನಕ ಮಾತಾಡದ ಅಭ್ಯಾಸ ಅವನದು. ಬಯಲು ಅಲ್ಲಿಗೆ ಹತ್ತಿರವೇ ಇತ್ತು.

ಮಳೆಗಾಲ ಮುಗಿಯುವಷ್ಟರಲ್ಲಿ ಗುಡ್ಡದ ಕೋಟೆ ಬಿತ್ತು. ದೇಸಾಯರು ಸತ್ತರು. ಹುಲಗಪ್ಪ ಗಡಿ ದಾಟಿ ಬೇರೆ ಸೀಮೆ ಸೇರಿಕೊಂಡ. ಅಲ್ಲೇ ಮದುವೆಯಾಗಿ, ಕುಂಟುಗಾಲಿನಲ್ಲೇ ಕುರಿ ಕಾಯ್ದುಕೊಂಡಿದ್ದಾನೆಂದು ಯಾರೋ ಬಂದು ಹೇಳಿದರು. ಉಪ್ಪು ಮತ್ತೆ ಅಂಗಡಿಗೆ ಬಂತು, ಊರು ಕೊಂಡು ತಿಂದಿತು. ಟೋಪಿಯವರು ಮಾತ್ರ ಹೋಗಲಿಲ್ಲ.

ನಾನು ಅಪ್ಪನ ಮನೆ ಬಿಟ್ಟು ಗಡಿಗೆ ಬೇರೆ ಮಾಡಿಕೊಂಡೆ. ಮಗನನ್ನು ಕೊಯ್ಯಲು ಬಂದವರೆದುರು ಕೋಲು ಬಿಸಾಕಿ ನಿಂತ ಅಪ್ಪನ ಕೈಯಲ್ಲಿ ಉಣ್ಣಲು ನನಗೆ ಮನಸ್ಸಾಗಲಿಲ್ಲ. ಹೆದರಿದ್ದಾನೆಂದುಕೊಂಡಿದ್ದೆ, ಎಲ್ಲರೂ ಹಾಗೇ ಎಂದುಕೊಂಡರು. ನನ್ನ ಬಗ್ಗೆಯೂ ಊರು ಮಾತಾಡಿಕೊಂಡಿತು. ಸಿಪಾಯಿಯನ್ನು ಉಳಿಸಲು ಲಗಮಿ ಸುಳ್ಳು ಹೇಳಿದಳೆಂದರು ಕೆಲವರು. ಪ್ರೀತಿ ಇದ್ದಲ್ಲಿ ಉಪ್ಪು ಹತ್ತುವುದಿಲ್ಲವೆಂದರು ಇನ್ನು ಕೆಲವರು. ನಾನು ಉಣ್ಣಿಸಿದ್ದೆ. ನನ್ನ ಕಣ್ಣೆದುರೇ ಮೂರು ರೊಟ್ಟಿ ಉಂಡಿದ್ದ. ಮತ್ತೆ ಆ ಕೈ ಹೇಗೆ ಎದ್ದಿತು? ನಮ್ಮ ಮಡಿಯ ಉಪ್ಪಿನಲ್ಲೇ ಸತ್ವ ಇರಲಿಲ್ಲವೇ, ಅಥವಾ ನಾನೇ ಅವನಿಗೆ ಏನೂ ಆಗಿರಲಿಲ್ಲವೇ? ಇಪ್ಪತ್ತೆರಡು ವರ್ಷ ಈ ಪ್ರಶ್ನೆಯನ್ನು ಕಟ್ಟಿಕೊಂಡು ಸಂಸಾರ ಮಾಡಿದೆ. ಬೇರೆ ಯಾರನ್ನೂ ಕಟ್ಟಿಕೊಳ್ಳಲಿಲ್ಲ.

ಅಪ್ಪ ಹಾಸಿಗೆ ಹಿಡಿದಾಗ ನೋಡುವವರು ಯಾರೂ ಇರಲಿಲ್ಲ. ನನ್ನ ಮನೆಯಿಂದ ಗಂಜಿ ಮಾಡಿಕೊಂಡು ಹೋಗುತ್ತಿದ್ದೆ. ವೈದ್ಯನ ಮಾತಿನಂತೆ ಉಪ್ಪು ಹಾಕುತ್ತಿರಲಿಲ್ಲ. ಅವನ ಮನೆಯದನ್ನು ನಾನು ಒಂದು ತುತ್ತೂ ಮುಟ್ಟುತ್ತಿರಲಿಲ್ಲ. ಒಂದು ಮಧ್ಯಾಹ್ನ ಗಂಜಿಯ ಬಟ್ಟಲನ್ನು ದೂರ ಸರಿಸಿ, "ಲಗಮಿ, ಆ ಗಡಿಗ್ಯಾಗ ನಮ್ಮ ಉಪ್ಪು ಇರಲಿಲ್ಲ," ಎಂದ.

"ಯಾವ ಗಡಿಗಿ?" ಎಂದೆ, ಗೊತ್ತಿದ್ದೂ.

"ಅಟ್ಟದ ಮ್ಯಾಲಿಂದು. ನಮ್ದು ಇದ್ದದ್ದು ಎರಡು ತಿಂಗಳಿಗೇ ತಿಂದು ಮುಗಿಸಿದ್ದೆ. ನೀ ನೀರಿಗೆ ಹೋದಾಗ ಒಂದೊಂದು ಹಳ್ಳು ಬಾಯಿಗೆ ಹಾಕ್ಕೊಳ್ತಿದ್ದೆ. ಉಪ್ಪಿನ್ಯಾಗ ಹುಟ್ಟಿದಾಂವ ನಾನು, ಸಪ್ಪಂದು ಇಳೀಲಿಲ್ಲ. ಖಾಲಿ ಗಡಿಗಿ ನೀ ನೋಡ್ತಿ ಅಂತ..." ಉಸಿರು ಸಾಲದೆ ನಿಲ್ಲಿಸಿದ. "ಸೋಮವಾರ ಕತ್ತಲ ಹರಿಯೂಕಿಂತ ಮೊದಲ ಹೋಗಿ ಅವರದು ತಂದೆ. ನೀ ತಂದಿದ್ದ ಮಣ್ಣಿನ ನೀರಾಗ ಅದ್ದಿ ಒಣಗಿಸಿ ಕೆಂಪ ಮಾಡಿ ತುಂಬಿದೆ. ಅದನ್ನೂ ತಿಂದೆ. ಬಯಲಾಗ ಕೋಲು ಎತ್ತಾಕ ಹೋಗಿದ್ದೆ ಲಗಮಿ. ಏಳಲಿಲ್ಲ."

ಸ್ವಲ್ಪ ಹೊತ್ತು ನನಗೆ ಅವನ ಕೋಲಿನದೇ ಯೋಚನೆ. ಆಮೇಲೆ ನಿಧಾನವಾಗಿ ಬೇರೆಯದು ತಿಳಿಯಿತು. ಮೂರು ವರ್ಷ ದಿನಾ ಎರಡು ಹೊತ್ತು ಟೋಪಿಯವರ ಉಪ್ಪು ಉಂಡವನಿಗೆ ಅದಕ್ಕೆ ಬಳಿದ ಮಣ್ಣಿನಿಂದ ಏನು ಮರೆಯಾದೀತು? ಮೊದಲ ತುತ್ತಿನಲ್ಲೇ ಅವನಿಗೆ ಗೊತ್ತಾಗಿತ್ತು. ಇದರ ರುಚಿ ನನಗ ಗೊತ್ತೈತಿ ಎಂದು ಬಾಯಿಬಿಟ್ಟು ಹೇಳಿಯೂ ಇದ್ದ. ನಾನು ಕಟ್ಟಿಹಾಕಿದ್ದೇನೆಂದುಕೊಂಡ ಕೈ ಬಿಡುವಾಗಿಯೇ ಇತ್ತು. ಹೇಳಬಹುದಿತ್ತು. ಹೇಳಿದ್ದರೆ ನಾನು ಅಪ್ಪನನ್ನು ಅಂದೇ ಕಳೆದುಕೊಳ್ಳುತ್ತಿದ್ದೆ. ಮೂರನೆಯ ರೊಟ್ಟಿ ಕೇಳಿ ಹಾಕಿಸಿಕೊಂಡು ಉಂಡು ಹೋದ. ಮರುದಿನ ಬಯಲಿನಲ್ಲಿ ಏಳಬಲ್ಲ ಕೈಯನ್ನು ಕೆಳಗೇ ಇಟ್ಟುಕೊಂಡ. ಚಾವಡಿಯಲ್ಲಿ ಅವನು ಸುಳ್ಳು ಹೇಳಿರಲಿಲ್ಲ. ನಾ ಎತ್ತಲಿಲ್ಲ ಎಂದಿದ್ದ, ಎತ್ತಿರಲಿಲ್ಲ. ನನ್ನ ಕುತ್ತಿಗೆ ಉಳಿಸಲು ಮಾತ್ರ ಎತ್ತಿದ.

ಇಪ್ಪತ್ತೆರಡು ವರ್ಷದ ಸಿಟ್ಟು ನನ್ನ ಹೆಗಲಿಗೆ ಬಂತು. ಅಪ್ಪನನ್ನು ಹೊಡೆಯಬೇಕೆನ್ನಿಸಿತು, ಸುಳ್ಳೇಕೆ ಹೇಳಲಿ. ಅವನ ಮನೆಯ ಉಪ್ಪು ನಾನು ತಿಂದು ಇಪ್ಪತ್ತೆರಡು ವರ್ಷವಾಗಿತ್ತು. ಕೈ ಎದ್ದಿತು. ಯಾವ ತೊಡಕೂ ಇಲ್ಲದೆ ತಲೆಗಿಂತ ಮೇಲೆ ಹೋಗಿ ನಿಂತಿತು. ಅಪ್ಪ ಕಣ್ಣು ಮುಚ್ಚಲಿಲ್ಲ. ನನ್ನ ಕೈಯನ್ನೇ ನೋಡುತ್ತಿದ್ದ. ನಾನೂ ನೋಡಿದೆ. ಹಾಗೆ ಎದ್ದ ಕೈಯನ್ನು ಯಾವ ಉಪ್ಪಿನ ಹಂಗೂ ಇಲ್ಲದೆ ಕೆಳಗಿಳಿಸುವುದು ಎಷ್ಟು ಕಷ್ಟವೆಂದು ಆ ದಿನ ನನಗೆ ತಿಳಿಯಿತು. ಬಹಳ ಹೊತ್ತು ಹಿಡಿಯಿತು. ಸಿದ್ರಾಯನಿಗೆ ಅಷ್ಟು ಹೊತ್ತು ಯಾರೂ ಕೊಟ್ಟಿರಲಿಲ್ಲ.

ಇಳಿಸಿದ ಮೇಲೆ ಬಟ್ಟಲನ್ನು ಹತ್ತಿರಕ್ಕೆ ಎಳೆದುಕೊಂಡೆ. "ಸಪ್ಪಗೈತಿ," ಎಂದ ಅಪ್ಪ. ಎದ್ದು ಮನೆಗೆ ಹೋಗಿ, ನನ್ನ ಗಡಿಗೆಯಿಂದ ಒಂದು ಹರಳು ತಂದು ಗಂಜಿಗೆ ಹಾಕಿ ಕದಡಿದೆ. ತಲೆ ಎತ್ತಿ ಹಿಡಿದು ಕುಡಿಸಿದೆ. ಪೂರ್ತಿ ಕುಡಿದ. ಆ ಉಪ್ಪು ಅವನ ಮೈಯಲ್ಲಿ ಮೂವತ್ತು ದಿನ ಇರಬೇಕಿತ್ತು. ಅವನು ಬದುಕಿದ್ದು ಒಂಬತ್ತು ದಿನ.